ಟ್ರಂಪೆಟ್ ಯಾವುದು, ಗಿಟಾರ್ ಯಾವುದು ಅಂತಾನೇ ಗೊತ್ತಾಗಲ್ಲ ಸರ್

ಪ್ರಶ್ನೆ: ಸರ್, ನಾನು ಹಂಸಲೇಖ, ಇಳಯರಾಜಾ, ಕಾಲೇಜಲ್ಲಿ ಸ್ವಲ್ಪ ಪಿಂಕ್ ಫ್ಲಾಯ್ಡ್ ಕೇಳ್ಕೊಂಡು ಬಂದವನು. ಆಫೀಸಲ್ಲಿ ಸೀನಿಯರ್ ಒಬ್ರು ತೆರ್ಯೆ ರಿಪ್‌ದಾಲ್ ಅನ್ನೋ ನಾರ್ವೆ ಗಿಟಾರಿಸ್ಟ್‌ದು 'ವೇವ್ಸ್' ಅಂತ ಆಲ್ಬಮ್ ಕೇಳು ಅಂದ್ರು, ಡೆನ್ಮಾರ್ಕಿನ ಪಾಲೆ ಮಿಕೆಲ್‌ಬೋರ್ಗ್ ಅದ್ರಲ್ಲಿ ಟ್ರಂಪೆಟ್ ಊದಿದ್ದಾರೆ. ಮೂರು ಸಲ ಕೇಳ್ದೆ. ಚೆನ್ನಾಗಿದೆ ಅನ್ಸತ್ತೆ, ಆದ್ರೆ ಏನೂ ನಡೀತಾನೇ ಇಲ್ಲ ಅಂತಾನೂ ಅನ್ಸತ್ತೆ. ಕೆಲವು ಕಡೆ ಟ್ರಂಪೆಟ್ ಯಾವುದು ಗಿಟಾರ್ ಯಾವುದು ಅಂತ ಗೊತ್ತಾಗಲ್ಲ, ನನ್ನ ಕಿವೀನೇ ಸರಿ ಇಲ್ವಾ? ಹೇಗೆ ಕೇಳ್ಬೇಕು, ಮುಂದೆ ಏನು ಕೇಳ್ಬೇಕು? ಇದಕ್ಕೆ ಅಂತ ರೆಕಾರ್ಡ್ ಪ್ಲೇಯರ್ ತಗೋಬೇಕಾ? ನಮ್ಮಮ್ಮ ಅಂತೂ 'ಇದೇನೋ ಸಾವಿನ ಮನೇಲಿ ಹಾಕೋ ಸಂಗೀತ ಇದ್ದಂಗಿದೆ' ಅಂತಾರೆ.

ಉತ್ತರ: ನಿಮ್ಮ ಕಿವಿ ಸರಿಯಾಗೇ ಇದೆ. ಎರಡು ವಾದ್ಯ ಯಾವುದು ಯಾವುದು ಅಂತ ಗೊತ್ತಾಗ್ದೆ ಒದ್ದಾಡಿದ್ದು ತಪ್ಪು ಅಂದ್ಕೊಂಡಿದೀರಲ್ಲ, ಈ ಥರ ಆಲ್ಬಮ್‌ಗಳ ಗುಟ್ಟು ಇರೋದೇ ಅಲ್ಲಿ. 'ಹೇಗೆ ಕೇಳ್ಬೇಕು' ಅನ್ನೋ ನಿಮ್ಮ ದೊಡ್ಡ ಪ್ರಶ್ನೆಗೂ ಅಲ್ಲಿಂದಾನೇ ದಾರಿ ಇರೋದು, ಅದಕ್ಕೆ ಮೊದಲು ಅದನ್ನೇ ಹಿಡ್ಕೋತೀನಿ. ಅಮ್ಮನ ಮಾತಿಗೆ ಕೊನೇಲಿ ಬರ್ತೀನಿ, ಅವರೂ ಪೂರ್ತಿ ತಪ್ಪು ಹೇಳಿಲ್ಲ.

ಒಂದು ವಾದ್ಯಾನ ನಾವು ಯಾವ ಗುರುತಿನ ಮೇಲೆ ಕಂಡುಹಿಡೀತೀವಿ? ಸ್ವರ ಹುಟ್ಟೋ ಕ್ಷಣ ಇದ್ಯಲ್ಲ, ಬಹಳ ಮಟ್ಟಿಗೆ ಅದ್ರಿಂದ. ವೀಣೇಲಿ ಮೀಟು, ಮೃದಂಗದಲ್ಲಿ ಬೆರಳು ಬಿದ್ದ ಏಟು, ನಾಗಸ್ವರದಲ್ಲಿ ನಾಲಿಗೆ ಸೀವಳಿ ಮೇಲಿಂದ ಬಿಟ್ಟ ಆ 'ತು'. ನಾನು ಹಲವು ವರ್ಷ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡ್ದವನು, ಬಿಡುವಿದ್ದಾಗ ಒಂದು ಆಟ ಆಡ್ತಿದ್ವಿ: ಯಾವುದೋ ವಾದ್ಯದ ಒಂದೇ ಒಂದು ಸ್ವರ ತಗೊಂಡು, ಅದರ ಮೊದಲ ತುಣುಕು, ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು, ಕತ್ತರಿಸಿ ಬಿಸಾಕಿ ಉಳಿದಿದ್ದನ್ನ ಮಾತ್ರ ಕೇಳಿಸೋದು. ಇಪ್ಪತ್ತು ವರ್ಷ ಪಿಯಾನೋ ನುಡಿಸಿದವರೇ ಪಿಯಾನೋನ ಹಾರ್ಮೋನಿಯಮ್ ಅಂದಿದ್ದಾರೆ, ನಾನೂ ಕೊಳಲನ್ನ ಪಿಟೀಲು ಅಂದು ನಗೆಪಾಟಲಾಗಿದೀನಿ. ತಲೆ ಕತ್ತರಿಸಿದ್ರೆ ಮುಖ ಗೊತ್ತಾಗಲ್ಲ, ಅಷ್ಟೇ.

ರಿಪ್‌ದಾಲ್ ಮಾಡೋದೂ ಇದನ್ನೇ, ಕತ್ತರಿ ಇಲ್ದೆ ಕಾಲಿಂದ. ಕಾಲ ಕೆಳಗೆ ವಾಲ್ಯೂಮ್ ಪೆಡಲ್ ಇರತ್ತೆ, ತಂತಿ ಮೀಟುವಾಗ ವಾಲ್ಯೂಮ್ ಸೊನ್ನೆ, ಮೀಟಿ ಆದ್ಮೇಲೆ ಪಾದ ಒತ್ತಿ ಮೆಲ್ಲಗೆ ಮೇಲೆ ತರ್ತಾರೆ, ಹಾಗಾಗಿ ಆ 'ಟಿಂಗ್' ಅನ್ನೋ ಮೀಟು ನಮಗೆ ಕೇಳೋದೇ ಇಲ್ಲ, ಸ್ವರ ಯಾರೋ ಉಸಿರು ಎಳ್ಕೊಂಡಂಗೆ ಎಲ್ಲಿಂದಲೋ ತುಂಬ್ಕೊಂಡು ಬರತ್ತೆ. ಅದರ ಮೇಲೆ ಆಂಪ್ಲಿಫೈಯರಿನ ಡಿಸ್ಟಾರ್ಷನ್, ಅಂದ್ರೆ ದನಿಯನ್ನ ಬೇಕಂತಲೇ ಒರಟು ಮಾಡೋದು, ಅದ್ರಿಂದ ಸ್ವರ ಬೇಗ ಸಾಯಲ್ಲ, ಕಾರ್ವೆ ಉದ್ದ ನಿಲ್ಲತ್ತೆ. ಅದರ ಮೇಲೆ ಎಕೋ. ಇಷ್ಟೆಲ್ಲಾ ಆದ್ಮೇಲೆ ಅದು ಗಿಟಾರ್ ಅಂತ ಹೇಳೋದಕ್ಕೆ ಏನು ಉಳೀತು ಹೇಳಿ? ಉಸಿರಿನ ವಾದ್ಯ ಆಗೋಯ್ತು. ಇನ್ನೊಂದು ಸಂಗತಿ ಗೊತ್ತಾದ್ರೆ ನಿಮಗೆ ಖುಷಿ ಆಗತ್ತೆ, ಈ ಮನುಷ್ಯ ಚಿಕ್ಕವರಿದ್ದಾಗ ಕಲ್ತಿದ್ದು ಪಿಯಾನೋ ಮತ್ತು ಟ್ರಂಪೆಟ್! ಗಿಟಾರ್ ಆಮೇಲೆ ತಾವೇ ಕಲ್ತಿದ್ದು.

ಈಗ ಈ ಕಡೆ ಬನ್ನಿ. ಟ್ರಂಪೆಟ್ ಅಂದ್ರೆ ನಮ್ಮ ತಲೇಲಿ ಏನಿದೆ? ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟು, ಇಲ್ಲಾ ದಸರಾದಲ್ಲಿ ಪೊಲೀಸ್ ಬ್ಯಾಂಡು. ನಾಲ್ಕು ಬೀದಿಗೆ ಕೇಳೋ ಹಂಗೆ ಊದೋದೇ ಅದರ ಕೆಲಸ. ಮಿಕೆಲ್‌ಬೋರ್ಗ್ ಅದನ್ನ ತಿರುಗಿಸಿಬಿಟ್ಟಿದ್ದಾರೆ. ಕೆಲವು ಕಡೆ ಟ್ರಂಪೆಟ್ ಬಿಟ್ಟು ಫ್ಲೂಗಲ್‌ಹಾರ್ನ್ ತಗೋತಾರೆ, ಅದೂ ಬೆರಳಲ್ಲಿ ಒತ್ತೋ ಅದೇ ಮೂರು ವಾಲ್ವ್‌ದು, ಆದ್ರೆ ಒಳಗಿನ ಕೊಳವೆ ಊದೋ ಕಡೆಯಿಂದ ಮುಂದಿನ ತುದಿ ಕಡೆಗೆ (ಆ ತುದಿಗೆ ಗಂಟೆ ಅಂತಾರೆ) ಅಗಲ ಆಗ್ತಾ ಹೋಗತ್ತೆ, ಅದಕ್ಕೆ ದನಿ ದುಂಡಗೆ, ಅಂಚಿಲ್ದೆ ಬರತ್ತೆ. ನಾಲಿಗೆಯಿಂದ ಸ್ವರ ಒಡೀದೆ ಬರೀ ಉಸಿರಿಂದ ಶುರು ಮಾಡ್ತಾರೆ. ಎಕೋ ಸೇರಿಸ್ತಾರೆ. ಆಲ್ಬಮ್ ಕವರಲ್ಲಿ ಅವರ ಹೆಸರಿನ ಮುಂದೆ ರಿಂಗ್ ಮಾಡ್ಯುಲೇಟರ್ ಅಂತಾನೂ ಇದೆ, ಅಂದ್ರೆ ಟ್ರಂಪೆಟ್ ದನಿಯನ್ನ ಎಲೆಕ್ಟ್ರಾನಿಕ್ ಆಗಿ ಲೋಹದ ಗಂಟೆ ಥರ ಮಾಡೋ ಪೆಟ್ಟಿಗೆ. ಗಿಟಾರ್ ಟ್ರಂಪೆಟ್ ಕಡೆಗೆ ನಡ್ಕೊಂಡು ಬಂತು, ಟ್ರಂಪೆಟ್ ಗಿಟಾರ್ ಕಡೆಗೆ ನಡ್ಕೊಂಡು ಬಂತು, ನೀವು ಅವೆರಡೂ ಭೇಟಿ ಆದ ಜಾಗದಲ್ಲಿ ನಿಂತು ಯಾವುದು ಯಾವುದು ಅಂತ ಕೇಳ್ತಿದೀರಿ.

ಹಾಗಾಗಿ ಹೇಗೆ ಕೇಳ್ಬೇಕು ಅಂದ್ರೆ ನಾನು ಹೇಳೋದು ಒಂದೇ: ಟ್ಯೂನ್ ಹುಡುಕೋದು ಸ್ವಲ್ಪ ದಿನ ಬಿಡಿ, ಪ್ರತಿ ಸ್ವರ ಹೇಗೆ ಹುಟ್ತು, ಹೇಗೆ ಸತ್ತು ಅಂತ ಮಾತ್ರ ನೋಡಿ. ಹುಟ್ಟುವಾಗ ಮೀಟು ಕೇಳ್ತಾ, ಉಸಿರು ಕೇಳ್ತಾ, ಎರಡೂ ಇಲ್ವಾ. ಸಾಯುವಾಗ ತಾನಾಗೇ ಆರ್ತಾ, ಎಕೋದಲ್ಲಿ ಕರಗ್ತಾ, ಇಲ್ಲಾ ಇನ್ನೊಂದು ವಾದ್ಯ ಬಂದು ಅದನ್ನ ಕೈಯಿಂದ ಇಸ್ಕೊಂಡು ಹೋಯ್ತಾ. ಈ ಕೊನೇದು ಸಿಕ್ಕಿದ ದಿನ ನಿಮಗೆ 'ಏನೂ ನಡೀತಿಲ್ಲ' ಅನ್ನೋ ಮಾತು ಮರ್ತೇ ಹೋಗತ್ತೆ. ಟ್ರಂಪೆಟ್ ಒಂದು ಸ್ವರ ಬಿಟ್ಟು ಸುಮ್ಮನಾಗತ್ತೆ, ಅದರ ಬಾಲದೊಳಗಿಂದ ಗಿಟಾರ್ ಅದೇ ಎತ್ತರದಲ್ಲಿ ಮೆಲ್ಲಗೆ ಏಳತ್ತೆ, ಯಾವ ಕ್ಷಣದಲ್ಲಿ ಕೈ ಬದಲಾಯ್ತು ಅಂತ ಗೊತ್ತಾಗೋದಿಲ್ಲ. ಗೊತ್ತಾಗಬಾರದು ಅಂತಾನೇ ಅವರು ಅಷ್ಟು ಕಷ್ಟ ಪಟ್ಟಿರೋದು.

ಇದು ನಮಗೇನು ಹೊಸದಲ್ಲ ಅಲ್ವಾ. ಆಲಾಪನೆ ಕೇಳುವಾಗ ಯಾರೂ 'ಪಲ್ಲವಿ ಯಾವಾಗ ಬರತ್ತೆ, ಏನೂ ನಡೀತಿಲ್ವಲ್ಲ' ಅಂತ ಗಡಿಯಾರ ನೋಡಲ್ಲ (ಸರಿ, ಕೆಲವರು ನೋಡ್ತಾರೆ, ಕ್ಯಾಂಟೀನ್ ಕಡೆ ಹೊರಡೋರು). ಗಾಂಧಾರಕ್ಕೆ ಹೇಗೆ ಹೋದ್ರು, ಎಲ್ಲಿ ಜಾರಿದ್ರು, ಎಷ್ಟು ಹೊತ್ತು ನಿಂತ್ರು ಅಂತ ಕೇಳ್ತೀವಿ. ಆ ಕಿವೀನೇ ಇಲ್ಲಿಗೆ ತನ್ನಿ. ತೊಂದ್ರೆ ಎಲ್ಲಿ ಆಗತ್ತೆ ಅಂದ್ರೆ ಈ ಥರ ಸಂಗೀತಕ್ಕೆ ಅಂಟಿಸೋ 'ಫ್ಯೂಷನ್' ಅನ್ನೋ ಪದದಲ್ಲಿ. ನಮ್ಮಲ್ಲಿ ಫ್ಯೂಷನ್ ಅಂದ್ರೆ ಸ್ಟೇಜ್ ಮೇಲೆ ಮ್ಯಾಂಡೊಲಿನ್ನು ಡ್ರಮ್ಸು ಸವಾಲ್ ಜವಾಬು, ಸ್ಪೀಡ್ ಏರ್ತಾ ಏರ್ತಾ ಕೊನೇಲಿ ದಢಾರ್ ಅಂತ ಮುಗ್ಸೋದು, ಜನ ಎದ್ದು ನಿಂತು ಚಪ್ಪಾಳೆ. ಜಾಝ್ ಫ್ಯೂಷನ್ ಅಂದ್ರೆ ಮೂಲದಲ್ಲಿ ಜಾಝ್‌ಗೆ ರಾಕ್‌ನ ಕರೆಂಟು, ರಾಕ್‌ನ ಬೀಟು ಸೇರಿಸಿದ್ದು, ಅಲ್ಲೂ ಒಂದು ಕಡೆಯವರು ಸ್ಪೀಡ್ ಹಿಂದೆ ಹೋದ್ರು. ನೀವು ಕೇಳ್ತಿರೋದು ಇನ್ನೊಂದು ಕಡೆಯವರದ್ದು, ಅವರು ಅದೇ ಕರೆಂಟನ್ನ ಓಡೋದಕ್ಕಲ್ಲ, ನಿಲ್ಲೋದಕ್ಕೆ ಬಳಸ್ಕೊಂಡ್ರು.

ಆ ಕಡೆಗೆ ಬಾಗಿಲು ತೆಗೆದಿದ್ದು ಅಮೆರಿಕಾದ ಜಾಝ್ ಟ್ರಂಪೆಟರ್ ಮೈಲ್ಸ್ ಡೇವಿಸ್, ತಾರೀಖು ಸಮೇತ ಹೇಳಬಹುದು, 1969ರ ಫೆಬ್ರವರಿ 18, ನ್ಯೂಯಾರ್ಕಲ್ಲಿ ಕೊಲಂಬಿಯಾ ಕಂಪನಿಯ 30ನೇ ಬೀದಿ ಸ್ಟುಡಿಯೋ. ಆಲ್ಬಮ್ 'ಇನ್ ಎ ಸೈಲೆಂಟ್ ವೇ'. ಮೂರು ಜನ ಎಲೆಕ್ಟ್ರಿಕ್ ಕೀಬೋರ್ಡ್‌ಗೆ, ಹರ್ಬಿ ಹ್ಯಾಂಕಾಕ್, ಚಿಕ್ ಕೊರಿಯಾ, ಜೋ ಜಾವಿನುಲ್, ಸ್ಯಾಕ್ಸಿಗೆ ವೇನ್ ಶಾರ್ಟರ್, ಬೇಸಿಗೆ ಡೇವ್ ಹಾಲೆಂಡ್, ಡ್ರಮ್ಸಿಗೆ ಟೋನಿ ವಿಲಿಯಮ್ಸ್, ಇನ್ನೊಬ್ಬ ಇಂಗ್ಲೆಂಡಿಂದ ಆ ತಿಂಗಳಷ್ಟೇ ಬಂದಿಳಿದ ಹುಡುಗ, ಜಾನ್ ಮೆಕ್‌ಲಾಫ್ಲಿನ್. ಹೌದು, ಆಮೇಲೆ ಜಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಮ್ ಜೊತೆ 'ಶಕ್ತಿ' ಕಟ್ಟಿದ ಅದೇ ಮೆಕ್‌ಲಾಫ್ಲಿನ್. ಟೈಟಲ್ ಟ್ರ್ಯಾಕ್ ಬರ್ಕೊಂಡು ಬಂದಿದ್ದು ಜಾವಿನುಲ್, ಅದ್ರಲ್ಲಿ ಕಾರ್ಡ್‌ಗಳು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗೊಂಚಲು, ತುಂಬಾ ಇದ್ವು, ಮೈಲ್ಸ್ ಅದನ್ನೆಲ್ಲಾ ಕಿತ್ತು ಹಾಕಿ ಕೆಳಗೆ ಒಂದೇ 'ಇ' ಸ್ವರ ಹಿಡ್ದು ನಿಲ್ಲಿಸಿದ್ರು. ನಮ್ಮ ಭಾಷೇಲಿ ಹೇಳ್ಬೇಕಂದ್ರೆ ಮೀಟಿದ್ದು ಶ್ರುತಿ. ಮೆಕ್‌ಲಾಫ್ಲಿನ್‌ಗೆ ಅವರು ಕೊಟ್ಟ ಸೂಚನೆ, ಮೆಕ್‌ಲಾಫ್ಲಿನ್ನೇ ಎಷ್ಟೋ ಸಲ ಹೇಳ್ಕೊಂಡಿದ್ದು, ಗಿಟಾರ್ ಬರದೇ ಇರೋನ ಥರ ನುಡಿಸು ಅಂತ. ಪಾಪ, ಜಗತ್ತಿನ ಅತಿ ವೇಗದ ಕೈಗಳಲ್ಲಿ ಒಂದು ಅದು. ಆದ್ರೆ ಆ ಮೊದಲ ಕೆಲವು ನಿಮಿಷ ಕೇಳಿ ನೋಡಿ, ಡ್ರಮ್ಸ್ ಇಲ್ಲ, ಬರೀ ಕತ್ತಲೆ ಕೋಣೇಲಿ ಗೋಡೆ ತಡವ್ಕೊಂಡು ಹೋಗೋ ಹಾಗೆ ಒಂದೊಂದೇ ಸ್ವರ, ಆಮೇಲೆ ಅದೇ ಟ್ಯೂನ್‌ನ ಸ್ಯಾಕ್ಸು, ಟ್ರಂಪೆಟ್ಟು ಎತ್ಕೋತಾವೆ.

ಇನ್ನೊಂದು ಚಮತ್ಕಾರ ಇದೆ ಇದ್ರಲ್ಲಿ. ಆಲ್ಬಮ್ ಸುಮಾರು 38 ನಿಮಿಷ, ಒಂದೊಂದು ಸೈಡಿಗೆ ಒಂದೊಂದು ಉದ್ದ ಟ್ರ್ಯಾಕ್. ಪ್ರೊಡ್ಯೂಸರ್ ಟಿಯೋ ಮಾಸೆರೋ ಟೇಪ್ ಕತ್ತರಿಸಿ, ಶುರುವಿನ ಭಾಗಾನೇ ಕಾಪಿ ಮಾಡಿ ಕೊನೇಲಿ ಮತ್ತೆ ಅಂಟಿಸಿದ್ದಾರೆ, ಎರಡೂ ಸೈಡಲ್ಲೂ. ಮತ್ತೆ ನುಡಿಸಿದ್ದಲ್ಲ, ಅದೇ ಟೇಪು. ಆದ್ರೂ ಎರಡನೇ ಸಲ ಬಂದಾಗ ಬೇರೆ ಥರ ಕೇಳತ್ತೆ, ಯಾಕಂದ್ರೆ ಮಧ್ಯೆ ಎಷ್ಟೋ ನಿಮಿಷ ನಮ್ಮ ಕಿವಿ ಎಲ್ಲೆಲ್ಲೋ ಸುತ್ಕೊಂಡು ಬಂದಿರತ್ತೆ. ನಾನು ಇದನ್ನ ಗೊತ್ತಿಲ್ದೇ ಎಷ್ಟೋ ವರ್ಷ ಕೇಳಿದೀನಿ, 'ಕೊನೇಲಿ ಮೈಲ್ಸ್ ಇನ್ನೂ ಮೃದುವಾಗಿ ಊದ್ತಾರೆ ನೋಡಿ' ಅಂತ ಫ್ರೆಂಡ್ಸ್ ಹತ್ರ ಪಂಡಿತನ ಥರ ಮಾತಾಡಿದೀನಿ ಬೇರೆ! ಟೇಪ್ ವಿಷ್ಯ ಓದಿದ ದಿನ ಯಾರಿಗೂ ಮುಖ ತೋರಿಸ್ಲಿಲ್ಲ.

ಮೈಲ್ಸ್ ಟ್ರಂಪೆಟ್ ಬಗ್ಗೆ ಒಂದು ಮಾತು ಸೇರಿಸ್ಬೇಕು. ಅವರು ವೈಬ್ರಾಟೋ, ಅಂದ್ರೆ ಸ್ವರಾನ ನಡುಗಿಸೋದು, ಬಹುಪಾಲು ಬಳಸ್ತಿರ್ಲಿಲ್ಲ, ನೆಟ್ಟಗಿನ ಗೆರೆ ಎಳ್ದಂಗೆ ಊದೋರು. ಹಾರ್ಮನ್ ಅಂತ ಒಂದು ಮ್ಯೂಟ್ ಬರತ್ತೆ, ಲೋಹದ ಡಬ್ಬಿ ಥರ, ಗಂಟೆ ಬಾಯಿಗೆ ಸಿಕ್ಕಿಸೋದು, ಅದರ ಮಧ್ಯದ ಕೊಳವೆ ತೆಗೆದು ಮೈಕಿಗೆ ತೀರಾ ಹತ್ರ ಹಿಡ್ದು ಊದಿದ್ರೆ ಕಿವಿ ಪಕ್ಕ ಯಾರೋ ಪಿಸುಗುಟ್ಟಿದಂಗಿರತ್ತೆ. ಬ್ಯಾಂಡ್‌ಸೆಟ್ಟಿನ ವಾದ್ಯ ಪಿಸುಮಾತಿಗೆ ಇಳಿದಿದ್ದು ಹೀಗೆ. 1970ರ ಹೊತ್ತಿಗೆ ಟ್ರಂಪೆಟ್‌ಗೇ ಪಿಕಪ್ (ದನಿ ಹಿಡಿಯೋ ಪುಟ್ಟ ಮೈಕು) ಹಾಕಿ, ದನಿಯನ್ನ 'ವಾ ವಾ' ಅನ್ನಿಸೋ ಗಿಟಾರಿಸ್ಟ್‌ಗಳ ವಾ-ವಾ ಪೆಡಲ್ ತುಳೀಲಿಕ್ಕೆ ಶುರು ಮಾಡಿದ್ರು, ತಮ್ಮನ್ನ ತಾವೇ ಗಿಟಾರ್ ಮಾಡ್ಕೊಂಡ್ರು ಅನ್ನಿ.

ಈಗ ಮತ್ತೆ ನಿಮ್ಮ 'ವೇವ್ಸ್'ಗೆ. 1977ರಲ್ಲಿ ಓಸ್ಲೋದ ಟ್ಯಾಲೆಂಟ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿ ಮುಂದಿನ ವರ್ಷ ಬಂದಿದ್ದು. ತಂದಿದ್ದು ಇಸಿಎಂ ಅನ್ನೋ ರೆಕಾರ್ಡ್ ಕಂಪನಿ, ಜರ್ಮನಿಯ ಮ್ಯೂನಿಕ್‌ದು, ಮಾನ್‌ಫ್ರೆಡ್ ಐಷರ್ 1969ರಲ್ಲಿ ಶುರು ಮಾಡಿದ್ದು. ಎಂಜಿನಿಯರ್ ಯಾನ್ ಎರಿಕ್ ಕೊಂಗ್ಸ್‌ಹೌಗ್. ನನ್ನ ವೃತ್ತಿಯವರು ಅಂತ ಹೇಳ್ತಿಲ್ಲ, ಈ ಆಲ್ಬಮ್‌ನ ಐದನೇ ವಾದ್ಯಗಾರ ಅವರೇ. ಟ್ರಂಪೆಟ್ಟು ಮತ್ತು ಗಿಟಾರ್‌ನ ಮೇಲಿನ ಭಾಗ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ ಓಡಾಡೋ ದನಿಗಳು, ಎರಡಕ್ಕೂ ಒಂದೇ ಜಾಗ ಬೇಕು, ಒಂದೇ ಬಾಗಿಲಲ್ಲಿ ಇಬ್ಬರು ದಪ್ಪ ಮನುಷ್ಯರು ನುಗ್ಗಿದಂಗೆ. ಸಾಮಾನ್ಯ ಎಂಜಿನಿಯರ್ ಆಗಿದ್ರೆ ಒಂದನ್ನ ಎಡಕ್ಕೆ ಒಂದನ್ನ ಬಲಕ್ಕೆ ಹಾಕಿ ಕೈ ತೊಳ್ಕೋತಾರೆ. ಇಲ್ಲಿ ಬೇರೆ ಮಾಡಿರೋದು ಹತ್ರ-ದೂರದಿಂದ. ಒಂದು ವಾದ್ಯ ಮೈಕಿನ ಮುಂದೇ ನಿಂತಿದೆ, ಇನ್ನೊಂದು ಎಲ್ಲೋ ಕಣಿವೆಯಾಚೆ ಇದೆ, ಸ್ವಲ್ಪ ಹೊತ್ತಿಗೆ ಅದಲು ಬದಲು. ಹೆಡ್‌ಫೋನ್ ಹಾಕ್ಕೊಂಡು ಕಣ್ಣು ಮುಚ್ಚಿ 'ಈಗ ಮುಂದೆ ಯಾರಿದ್ದಾರೆ' ಅಂತ ನಿಮ್ಮನ್ನ ನೀವೇ ಕೇಳ್ಕೊಳ್ಳಿ, ಅರ್ಧ ಕೆಲಸ ಆಯ್ತು.

ಮೊದಲ ಟ್ರ್ಯಾಕ್ 'ಪೆರ್ ಉಲ್ವ್' ಅಂತ ಇದ್ಯಲ್ಲ, ಅದೇನೋ ಗಂಭೀರ ಉತ್ತರ ಧ್ರುವದ ದೇವತೆ ಹೆಸರು ಅಂದ್ಕೋಬೇಡಿ. ರೋಡ್ ರನ್ನರ್ ಕಾರ್ಟೂನಲ್ಲಿ ಆ ಹಕ್ಕಿ ಹಿಂದೆ ಓಡಿ ಓಡಿ ಪ್ರಪಾತಕ್ಕೆ ಬೀಳೋ ಪ್ರಾಣಿ ಇದ್ಯಲ್ಲ, ಅದಕ್ಕೆ ನಾರ್ವೇಲಿ ಕರೆಯೋ ಹೆಸರು! ಈ ಜನ ಯಾವಾಗ್ಲೂ ಮಂಜಿನಲ್ಲಿ ಕೂತು ಅಳ್ತಿರ್ತಾರೆ ಅನ್ನೋರಿಗೆ ನಾನು ಇದನ್ನ ಹೇಳ್ತೀನಿ. ನಿಜ ಹೇಳ್ಬೇಕಂದ್ರೆ ಆ ಟ್ರ್ಯಾಕ್ ನನಗೆ ಅಷ್ಟೇನೂ ಹಿಡಿಸಲ್ಲ, ಆ ಕಾಲದ ಸಿಂಥಸೈಜರ್ ಸದ್ದು ಈಗ ಸ್ವಲ್ಪ ಹಳತು ಹಳತು ಅನ್ಸತ್ತೆ. ಮೂರನೇದು 'ಸ್ಟೆನ್‌ಸ್ಕೋವೆನ್', ಕಲ್ಲಿನ ಕಾಡು ಅಂತ ಅರ್ಥ, ಆಮೇಲೆ ಟೈಟಲ್ ಟ್ರ್ಯಾಕ್ 'ವೇವ್ಸ್', ನಿಮ್ಮ ಗೊಂದಲ ಶುರುವಾಗಿದ್ದೂ ಅಲ್ಲೇ ಇರ್ಬೇಕು. ಈ ಸಲ ಅಲ್ಲಿಂದ ಕೇಳೋಕೆ ಶುರು ಮಾಡಿ, ಮೊದಲೆರಡು ಟ್ರ್ಯಾಕ್ ಆಮೇಲೆ ನೋಡ್ಕೊಳ್ಳಿ, ಯಾರೂ ಬಂದು ಕೇಳಲ್ಲ.

ಡ್ರಮ್ಸ್ ಕಡೆಗೂ ಒಂದು ಕಿವಿ ಇರ್ಲಿ. ಯಾನ್ ಕ್ರಿಸ್ಟೆನ್‌ಸೆನ್, 2020ರಲ್ಲಿ ತೀರ್ಕೊಂಡ್ರು. ಇವರು ತಾಳ ಹಾಕ್ತಾ ಕೂರೋ ಪೈಕಿ ಅಲ್ಲ, ಎಣಿಸೋಕೆ ಹೋದ್ರೆ ತಪ್ಪಿ ಹೋಗತ್ತೆ. ಸಿಂಬಲ್ ಮೇಲೆ ಕಡ್ಡಿ ಆಡಿಸ್ತಾ ಇರ್ತಾರೆ, ದಡಕ್ಕೆ ನೀರು ಬಂದು ಹೋದಂಗೆ, ಬೀಟ್ ಒಳಗಿದೆ ಆದ್ರೆ ಎಲ್ಲಿ ಬೀಳತ್ತೆ ಅಂತ ತೋರಿಸಲ್ಲ. ಟ್ರಂಪೆಟ್ಟು ಗಿಟಾರು ಅಷ್ಟು ನಿಧಾನವಾಗಿ ನಿಂತ್ರೂ ಸಂಗೀತ ಕೊಳೆತು ನಾರದೇ ಇರೋದು ಇವರ ಕೈಯಿಂದ. ತಂಬೂರಿ ನಿಲ್ಲಿಸಿ ಆಲಾಪನೆ ಕೇಳಿದ್ರೆ ಹೇಗಿರತ್ತೋ ಇವರನ್ನ ತೆಗೆದು ಈ ಆಲ್ಬಮ್ ಕೇಳಿದ್ರೆ ಹಾಗೇ ಇರತ್ತೆ.

ಮುಂದೆ ಏನು ಅಂದ್ರೆ, ಮೊದಲು 'ಡೆಸಾಂದ್ರ್', ರಿಪ್‌ದಾಲ್, ಮಿಕೆಲ್‌ಬೋರ್ಗ್, ಕ್ರಿಸ್ಟೆನ್‌ಸೆನ್ ಮೂರೇ ಜನ, 1980ರಲ್ಲಿ ಬಂದಿದ್ದು, ಬೇಸ್ ಗಿಟಾರ್ ಇಲ್ಲವೇ ಇಲ್ಲ. ಬೇಸ್ ಇಲ್ದೆ ಇದ್ರೆ ನೆಲ ಇಲ್ಲ, ನೆಲ ಇಲ್ದೆ ಇದ್ರೆ ತೇಲ್ಬೇಕು, ತೇಲ್ತಾರೆ. ಅದರ ಮೊದಲ ಟ್ರ್ಯಾಕ್ 'ಆವ್‌ಶೇಡ್', ಬೀಳ್ಕೊಡುಗೆ ಅಂತ. ನನ್ನ ಪ್ರಕಾರ ಇದು 'ವೇವ್ಸ್'ಗಿಂತ ಒಂದು ಕೈ ಮೇಲು. ನನ್ನ ಚಿಕ್ಕಪ್ಪನ ಸ್ನೇಹಿತರೊಬ್ರು ಜರ್ಮನಿಯಿಂದ ತಂದ ಎಲ್‌ಪಿಯಿಂದ ಕ್ಯಾಸೆಟ್‌ಗೆ ಹಾಕ್ಕೊಂಡು ಕೇಳಿದ್ದು ನಾನು, ಕ್ಯಾಸೆಟ್ಟಿನ 'ಸ್ಸ್' ಅನ್ನೋ ಸದ್ದೂ ಸಂಗೀತದ ಭಾಗ ಅಂದ್ಕೊಂಡಿದ್ದೆ, ಮುಂದೆ ಸಿಡಿ ತಂದು ಹಾಕಿದಾಗ ಏನೋ ಕಳೆದುಹೋಗಿದೆ ಅನ್ಸಿ ಬೇಜಾರಾಗಿತ್ತು.

ಆಮೇಲೆ ನಿಲ್ಸ್ ಪೆತ್ತರ್ ಮೊಲ್ವೇರ್, ಅವರೂ ನಾರ್ವೆ ಟ್ರಂಪೆಟರೇ, ಆಲ್ಬಮ್ 'ಖ್ಮೇರ್', 1997. ಇದ್ರಲ್ಲಿ ಕ್ಲಬ್‌ನ ಬೀಟ್‌ಗಳು, ಸ್ಯಾಂಪಲ್‌ಗಳು ಬರ್ತಾವೆ, ನಿಮ್ಮ ವಯಸ್ಸಿನವರಿಗೆ ಬೇಗ ಹಿಡಿಸತ್ತೆ, ಇಸಿಎಂ ಕೇಳ್ಕೊಂಡು ಬಂದಿದ್ದ ನಮ್ಮಂಥ ಹಳಬರಿಗೆ ಮಾತ್ರ ಆಗ ಸ್ವಲ್ಪ ಶಾಕ್ ಆಗಿತ್ತು. ಗಿಟಾರ್ ಐವಿಂದ್ ಆರ್ಸೆಟ್. ಇವರು ರಿಪ್‌ದಾಲ್‌ಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ಕಡೆ ಗಿಟಾರ್ ಇದೆ ಅಂತ ಕವರ್ ನೋಡಿದ್ರೆ ಮಾತ್ರ ಗೊತ್ತಾಗೋ ಹಂಗೆ ಮಾಡಿಟ್ಟಿದ್ದಾರೆ, ಗಾಳಿ ಬೀಸಿದಂಗೆ, ಕಬ್ಬಿಣದ ಗೇಟು ದೂರದಲ್ಲಿ ಕಿರುಗುಟ್ಟಿದಂಗೆ. ಟ್ರಂಪೆಟ್ ಮಾತ್ರ ಬೆತ್ತಲೆಯಾಗಿ ಮುಂದೆ ನಿಂತಿರತ್ತೆ. ಅಂದ್ರೆ 'ವೇವ್ಸ್'ನಲ್ಲಿ ಇಬ್ಬರು ಒಬ್ಬರ ಕೈಯಿಂದ ಒಬ್ಬರು ಸ್ವರ ಇಸ್ಕೊಳ್ತಿದ್ರೆ, ಇಲ್ಲಿ ಒಬ್ಬ ಮನುಷ್ಯ, ಒಬ್ಬ ಹವಾಮಾನ.

ಈಗ ನಮ್ಮ ಕಡೆಯವರಿಗೆ ಬೇಕಾದ ಒಂದು ಆಲ್ಬಮ್. ಜಾನ್ ಹ್ಯಾಸೆಲ್ ಅಂತ, ಅಮೆರಿಕಾದ ಮೆಂಫಿಸ್‌ನವರು, 2021ರಲ್ಲಿ ತೀರ್ಕೊಂಡ್ರು. ಜರ್ಮನೀಲಿ ಸ್ಟಾಕ್‌ಹೌಸೆನ್ ಅನ್ನೋ ಸಂಯೋಜಕರ ಹತ್ರ ಎಲೆಕ್ಟ್ರಾನಿಕ್ ಸಂಗೀತ ಕಲ್ತು, ಆಮೇಲೆ ಪಂಡಿತ್ ಪ್ರಾಣನಾಥ್ ಹತ್ರ ಹಿಂದೂಸ್ತಾನಿ ಹಾಡುಗಾರಿಕೆ ಕಲ್ತ್ರು, ಕಲ್ತು ಗಂಟಲಲ್ಲಿ ಬರೋದನ್ನೆಲ್ಲಾ ಟ್ರಂಪೆಟ್‌ಗೆ ಇಳಿಸೋಕೆ ಕೂತ್ರು. ಮೂರೇ ವಾಲ್ವ್ ಇರೋ ವಾದ್ಯದಲ್ಲಿ ಮೀಂಡ್ ಹೇಗೆ ತರ್ತೀರಿ? ವಾಲ್ವ್ ಒತ್ತಿದ್ರೆ ಸ್ವರ ಹಾರತ್ತೆ, ಜಾರಲ್ಲ. ಅವರು ತುಟಿ, ಉಸಿರಲ್ಲೇ ಜಾರಿಸೋದು ಕಲ್ತ್ರು, ಅದರ ಮೇಲೆ ಹಾರ್ಮೊನೈಜರ್ ಹಾಕಿ ಒಂದು ದನೀನ ಮೂರ್ನಾಲ್ಕು ದನಿ ಮಾಡಿದ್ರು. ಪ್ರಾಣನಾಥ್ ಯಾರ ಶಿಷ್ಯರು ಅಂದ್ರೆ ಕಿರಾನಾ ಘರಾಣೆಯ ಅಬ್ದುಲ್ ವಹೀದ್ ಖಾನ್ ಅವರ ಶಿಷ್ಯರು. ಅದೇ ಘರಾಣೆಯ ಇನ್ನೊಂದು ಕೊಂಬೆ, ಅಬ್ದುಲ್ ಕರೀಂ ಖಾನ್, ಅವರಿಂದ ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅಂದ್ರೆ ಈ ಮೆಂಫಿಸ್ ಟ್ರಂಪೆಟ್ಟಿಗೂ ಹುಬ್ಬಳ್ಳಿ ಕುಂದಗೋಳಕ್ಕೂ ದಾಯಾದಿ ಸಂಬಂಧ ಇದೆ ಮಾರಾಯ್ರೇ. ಅವರ 2009ರ ಇಸಿಎಂ ಆಲ್ಬಮ್ 'ಲಾಸ್ಟ್ ನೈಟ್ ದ ಮೂನ್ ಕೇಮ್ ಡ್ರಾಪಿಂಗ್ ಇಟ್ಸ್ ಕ್ಲೋದ್ಸ್ ಇನ್ ದ ಸ್ಟ್ರೀಟ್', ಉಸ್ಸಪ್ಪಾ, ಹೆಸರೇ ಒಂದು ವಿಲಂಬಿತ್. ಅದ್ರಲ್ಲೂ ಗಿಟಾರ್‌ಗೆ ಅದೇ ಆರ್ಸೆಟ್ ಇದ್ದಾರೆ. ಧಾರವಾಡ ಕಡೆಯ ನನ್ನ ಸ್ನೇಹಿತರೊಬ್ರಿಗೆ, ಜಾಝ್ ಅಂದ್ರೆ ಎದ್ದು ಹೋಗೋರು, ಹೆಸರು ಹೇಳ್ದೆ ಇದನ್ನ ಕೇಳಿಸಿದ್ದೆ. ಐದು ನಿಮಿಷ ಆದ್ಮೇಲೆ ಕೇಳಿದ್ದು ಒಂದೇ ಪ್ರಶ್ನೆ: 'ಯಾರ ಕಡೆ ಕಲ್ತಾರ ಇವ್ರು?'

ಇಷ್ಟರ ಮೇಲೂ ಬೇಕು ಅಂದ್ರೆ ಇಟಲಿಯ ಟ್ರಂಪೆಟರ್ ಎನ್ರಿಕೋ ರಾವಾ ಅವರ 'ದ ಪಿಲ್ಗ್ರಿಮ್ ಅಂಡ್ ದ ಸ್ಟಾರ್ಸ್', 1975ರದ್ದು, ಗಿಟಾರ್‌ಗೆ ಜಾನ್ ಅಬರ್‌ಕ್ರೋಂಬಿ, ಇದು ಸ್ವಲ್ಪ ಬಿಸಿಲಿನ ಸಂಗೀತ. ಗಿಟಾರಿಸ್ಟ್ ಡೇವಿಡ್ ಟಾರ್ನ್ ಅವರ 'ಕ್ಲೌಡ್ ಅಬೌಟ್ ಮರ್ಕ್ಯುರಿ' ಇದೆ, ಟ್ರಂಪೆಟ್ ಮಾರ್ಕ್ ಐಶಮ್, ರಾಕ್ ಕಡೆಯಿಂದ ಬಂದ ನಿಮಗೆ ಅದರ ಬೇಸು ಡ್ರಮ್ಸು ಇಷ್ಟ ಆಗ್ಬಹುದು. ಮಿಕೆಲ್‌ಬೋರ್ಗ್ ಮೇಲೆ ಪ್ರೀತಿ ಹುಟ್ಟಿದ್ರೆ 'ಔರಾ' ಕೇಳಿ. 1984ರಲ್ಲಿ ಮೈಲ್ಸ್‌ಗೆ ಡೆನ್ಮಾರ್ಕಿನ ಸೋನಿಂಗ್ ಪ್ರಶಸ್ತಿ ಬಂದಾಗ ಅವರಿಗೋಸ್ಕರ ಮಿಕೆಲ್‌ಬೋರ್ಗ್ ಬರೆದಿದ್ದು, ಮೈಲ್ಸ್ ಹೆಸರಿನ ಅಕ್ಷರಗಳಿಂದಾನೇ ಸ್ವರಗಳನ್ನ ಹೆಕ್ಕಿ ಥೀಮ್ ಮಾಡಿದ್ದಾರೆ, ಶುರುವಿನ ಇಂಟ್ರೋ ಬಿಟ್ರೆ ಒಂದೊಂದು ಭಾಗಕ್ಕೂ ಒಂದೊಂದು ಬಣ್ಣದ ಹೆಸರು. 1985ರಲ್ಲಿ ರೆಕಾರ್ಡ್ ಆಗಿದ್ದು ಹೊರಗೆ ಬಂದಿದ್ದು 1989ರಲ್ಲಿ. ಅದ್ರಲ್ಲಿ ಮೈಲ್ಸೇ ಊದಿದ್ದಾರೆ, ಮೆಕ್‌ಲಾಫ್ಲಿನ್ನೂ ಬಂದು ಹೋಗ್ತಾರೆ. ಗುರು ಅಂತ ಮನಸ್ಸಲ್ಲಿ ಇಟ್ಕೊಂಡವರನ್ನೇ ಕೂರಿಸಿ ತನ್ನ ಸಂಗೀತ ಊದಿಸೋ ಭಾಗ್ಯ ಎಷ್ಟು ಜನಕ್ಕಿದೆ.

ಒಂದು ಎಚ್ಚರಿಕೆ. ಈ ಜಾತಿಯ ಸಂಗೀತದ ಹೆಸರಲ್ಲಿ ಬರೀ ಎಕೋ ಮಾರೋರು ಬೇಕಾದಷ್ಟಿದ್ದಾರೆ. ಎರಡು ಸ್ವರ ಊದಿ ಅದಕ್ಕೆ ಗುಹೆಯಷ್ಟು ರಿವರ್ಬ್ ಹಾಕಿದ್ರೆ ಯಾರು ಬೇಕಾದ್ರೂ ಆಳವಾಗಿ ಕಾಣ್ತಾರೆ, ಬಾತ್‌ರೂಮಲ್ಲಿ ನಾವೆಲ್ಲಾ ರಾಜ್‌ಕುಮಾರ್ ಆಗಲ್ವಾ ಹಾಗೆ. ನನ್ನ ಪರೀಕ್ಷೆ ಸುಲಭ: ಆ ಸಾಲನ್ನ ಮನಸ್ಸಲ್ಲಿ ಎಕೋ ತೆಗೆದು ಗುನುಗಿ ನೋಡ್ತೀನಿ, ಗುನುಗಿದ್ರೂ ಸಾಲು ನಿಂತ್ರೆ ಸರಿ. ರಿಪ್‌ದಾಲ್‌ದು ನಿಲ್ಲತ್ತೆ. ಸ್ಟ್ರೀಮಿಂಗ್ ಆಪ್‌ಗಳಲ್ಲಿ ಓದೋಕೆ, ಮಲಗೋಕೆ ಅಂತ ಬರೋ ಪ್ಲೇಲಿಸ್ಟ್‌ಗಳಲ್ಲಿ ಇರೋದು ಬಹುಪಾಲು ನಿಲ್ಲಲ್ಲ.

ಆಪ್ ಅಂದ ತಕ್ಷಣ ನೆನಪಾಯ್ತು, ರೆಕಾರ್ಡ್ ಪ್ಲೇಯರ್ ಸದ್ಯಕ್ಕೆ ಬೇಡ. ಇಸಿಎಂ ಆಲ್ಬಮ್‌ಗಳು 2017ರ ನವೆಂಬರಿಂದ ಸ್ಟ್ರೀಮಿಂಗಲ್ಲೇ ಸಿಗ್ತಾವೆ, ಆ ದುಡ್ಡಲ್ಲಿ ಒಂದು ಒಳ್ಳೆ ವೈರ್ ಇರೋ ಹೆಡ್‌ಫೋನ್ ತಗೊಳ್ಳಿ. ಆಪ್ ಸೆಟಿಂಗ್ಸಲ್ಲಿ ಕ್ರಾಸ್‌ಫೇಡ್ ಅಂತ ಇರತ್ತೆ, ಒಂದು ಟ್ರ್ಯಾಕ್ ಮುಗಿಯೋ ಮುಂಚೆ ಇನ್ನೊಂದನ್ನ ತುರುಕೋದು, ಅದನ್ನ ಮೊದಲು ಆಫ್ ಮಾಡಿ, ಶಫಲ್ ಅಂತೂ ಮುಟ್ಲೇಬೇಡಿ. ಇಸಿಎಂನವರು ಎಷ್ಟು ಹುಚ್ಚರು ಅಂದ್ರೆ ಅವರ ಸಿಡಿಗಳಲ್ಲಿ ಸಂಗೀತ ಶುರುವಾಗೋ ಮುಂಚೆ ಸುಮಾರು 5 ಸೆಕೆಂಡ್ ಬರೀ ನಿಶ್ಶಬ್ದ ಇಟ್ಟಿರ್ತಾರೆ, ಸ್ವರ ಹುಟ್ಟೋದನ್ನ ಕೇಳ್ಬೇಕು ಅಂದ್ರೆ ಅದಕ್ಕೂ ಮುಂಚೆ ಏನೂ ಇಲ್ದೆ ಇರೋದನ್ನ ಕೇಳ್ಬೇಕಲ್ಲ. ಫೋನ್ ಸ್ಪೀಕರಲ್ಲಿ, ಬಸ್ಸಲ್ಲಿ, ಕುಕ್ಕರ್ ಕೂಗ್ತಿರೋವಾಗ ಇದನ್ನ ಕೇಳಿ 'ಏನೂ ನಡೀತಿಲ್ಲ' ಅಂದ್ರೆ ಅದು ಸಂಗೀತದ ತಪ್ಪಲ್ಲ. ರಾತ್ರಿ ಹತ್ತರ ಮೇಲೆ, ಕಡಿಮೆ ವಾಲ್ಯೂಮಲ್ಲಿ, ಒಂದು ಸಲಕ್ಕೆ ಒಂದು ಸೈಡಿನಷ್ಟು, ಇಪ್ಪತ್ತು ನಿಮಿಷ ಸಾಕು. ನಿದ್ದೆ ಬಂದ್ರೆ ಮಲಗಿಬಿಡಿ, ನನಗೂ ಎಷ್ಟೋ ಸಲ ಬಂದಿದೆ.

ಇನ್ನು ಅಮ್ಮನ ಮಾತು. 'ವೇವ್ಸ್' ಬಗ್ಗೆ ಅವರು ಹೇಳಿದ್ದನ್ನ ನಾನು ಒಪ್ಪಲ್ಲ. ಆದ್ರೆ ಮೈಲ್ಸ್ ಅವರದ್ದು 'ಹಿ ಲವ್ಡ್ ಹಿಮ್ ಮ್ಯಾಡ್ಲಿ' ಅಂತ ಒಂದು ಟ್ರ್ಯಾಕ್ ಇದೆ, 'ಗೆಟ್ ಅಪ್ ವಿತ್ ಇಟ್' ಆಲ್ಬಮಲ್ಲಿ, ಹೆಚ್ಚುಕಮ್ಮಿ 32 ನಿಮಿಷ. 1974ರ ಮೇ ತಿಂಗಳಲ್ಲಿ ಜಾಝ್‌ನ ಹಿರಿಯ ಡ್ಯೂಕ್ ಎಲಿಂಗ್ಟನ್ ತೀರ್ಕೊಂಡ್ರು, ಮುಂದಿನ ತಿಂಗಳು ಮೈಲ್ಸ್ ಇದನ್ನ ರೆಕಾರ್ಡ್ ಮಾಡಿದ್ರು. ಶುರುವಿನಲ್ಲಿ ಬಹಳ ಹೊತ್ತು ತಾಳ ಅನ್ನೋದು ಗಟ್ಟಿಯಾಗಿ ಕೂರೋದೇ ಇಲ್ಲ, ಗಿಟಾರ್‌ಗಳು ಮೆಲ್ಲಗೆ ಒಂದಕ್ಕೊಂದು ಏನೋ ಹೇಳ್ಕೋತಿರ್ತಾವೆ, ಮೈಲ್ಸ್ ಆರ್ಗನ್ ಒತ್ತಿ ಹಿಡ್ದಿರ್ತಾರೆ, ಟ್ರಂಪೆಟ್ ಬರೋದು ಎಷ್ಟೋ ಹೊತ್ತಿನ ಮೇಲೆ, ಬಂದಾಗ ಅದೂ ವಾ-ವಾ ಪೆಡಲಲ್ಲಿ ಗಂಟಲು ಕಟ್ಟಿದವರ ಥರ. ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ತಮ್ಮ 'ಆನ್ ಲ್ಯಾಂಡ್' ಆಲ್ಬಮ್‌ಗೆ ದಾರಿ ತೋರಿಸಿದ್ದು ಇದೇ ಟ್ರ್ಯಾಕು ಅಂತ ಹೇಳ್ಕೊಂಡಿದ್ದಾರೆ. ಅದು ಅಕ್ಷರಶಃ ಸಾವಿನ ಮನೆ ಸಂಗೀತಾನೇ. ಒಂದು ದಿನ ಅಮ್ಮನ್ನೂ ಕೂರಿಸಿ ಅದನ್ನ ಹಾಕಿ, ಯಾರು ತೀರ್ಕೊಂಡಿದ್ದಕ್ಕೆ ಊದಿದ್ದು ಅಂತ ಮೊದಲೇ ಹೇಳಿ. ಅವರೇನಂದ್ರು ಅಂತ ನನಗೂ ಬರೀರಿ.